ಎಚ್.ಇ.ಪಿ. ಓದಿದ ಹುಡುಗಿಯರು

ಭದ್ರಾವತಿಯಲ್ಲಿ ಒಂದು ಹೊಸಮನೆ ಇದೆ, ಶಿವಮೊಗ್ಗೆಯಲ್ಲಿ ಇನ್ನೊಂದು ಹೊಸಮನೆ. ನಾನು ಹುಟ್ಟಿದ್ದು ಮೊದಲನೆಯದರಲ್ಲಿ, ಮದುವೆಯಾಗಿ ಬಂದದ್ದು ಎರಡನೆಯದಕ್ಕೆ. ‘ಹೊಸಮನೆಯಿಂದ ಹೊಸಮನೆಗೆ ಹೋದಳು, ಅಷ್ಟೇ ವ್ಯತ್ಯಾಸ’ ಎಂದು ತವರಿನ ಕಡೆಯವರು ಈಗಲೂ ತಮಾಷೆ ಮಾಡುತ್ತಾರೆ. ಒಂದು ಕಡೆ ಭದ್ರೆ, ಇನ್ನೊಂದು ಕಡೆ ತುಂಗೆ. ಅಲ್ಲಿ ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಅಡಿಗೆಯ ಹೊತ್ತು ಗೊತ್ತಾಗುತ್ತಿತ್ತು, ಇಲ್ಲಿ ಆಫೀಸಿನ ಹೊತ್ತಿಗೆ. ಎರಡೂ ಬಡಾವಣೆಗಳಿಗೆ ಸಮಾನವಾದದ್ದು ಒಂದು ಅಭಿಪ್ರಾಯವಿತ್ತು: ಹೆಣ್ಣುಮಗಳು ಬಿ.ಎ.ಗೆ ಸೇರಿ ಎಚ್.ಇ.ಪಿ. ತೆಗೆದುಕೊಂಡಳೆಂದರೆ ಮನೆಯವರು ಗಂಡು ಹುಡುಕಲು ಶುರು ಮಾಡಿದ್ದಾರೆ ಎಂದರ್ಥ.

ಎಚ್.ಇ.ಪಿ. ಎಂದರೆ ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ಅಂಕ ಹೆಚ್ಚಿದ್ದವರು ಸೈನ್ಸಿಗೆ ಹೋಗುತ್ತಿದ್ದರು, ಬ್ಯಾಂಕಿನ ಆಸೆಯಿದ್ದವರು ಕಾಮರ್ಸಿಗೆ. ಉಳಿದ ನಾವು ಈ ಮೂರು ಅಕ್ಷರಗಳ ನೆರಳಿಗೆ ಬರುತ್ತಿದ್ದೆವು. ನಾನು ಸೇರಿದ್ದು 1984ರಲ್ಲಿ. ಆಗ ಶಿವಮೊಗ್ಗೆಯ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ನಿಂತುಕೊಂಡು ಬರುತ್ತಿದ್ದ ನಮ್ಮ ಗುಂಪಿನಲ್ಲಿ ಏಳೆಂಟು ಹುಡುಗಿಯರಿದ್ದೆವು. ನಮ್ಮ ಅಜ್ಜಿಗೆ ನಾನು ಓದುವ ವಿಷಯದ ಹೆಸರು ಹೇಳಿದಾಗ ‘ರಾಜಕೀಯವನ್ನ ಕಾಲೇಜಿಗೆ ಹೋಗಿ ಬೇರೆ ಕಲೀಬೇಕೇನೇ, ನಿಮ್ಮ ಅತ್ತೇರ ಮನೇಲಿ ಕಲಿಸ್ತಾರೆ ಬಿಡು’ ಎಂದಿದ್ದಳು. ನಮ್ಮ ಮನೆಗಳಲ್ಲಿ ‘ರಾಜಕೀಯ’ ಎಂಬ ಮಾತಿಗೆ ಇರುವ ಅರ್ಥವೇ ಅದು. ಒಬ್ಬರ ಮೇಲೆ ಒಬ್ಬರನ್ನು ಎತ್ತಿಕಟ್ಟುವುದು. ಅದಕ್ಕೇ ಇರಬೇಕು, ಪಠ್ಯಪುಸ್ತಕದವರು ಜಾಣತನದಿಂದ ‘ರಾಜ್ಯಶಾಸ್ತ್ರ’ ಎಂದು ಹೆಸರಿಟ್ಟಿದ್ದರು. ಡಿ.ವಿ.ಜಿ. ಅವರು ತಮ್ಮ ಪುಸ್ತಕಕ್ಕೆ ಇಟ್ಟ ಹೆಸರೂ ಅದೇ. ಸಾಮಾನ್ಯ ಓದುಗನಿಗೆ ಸರ್ಕಾರವೆಂದರೇನು, ಪ್ರಜೆಯ ಹೊಣೆಯೇನು ಎಂದು ಕನ್ನಡದಲ್ಲಿ ತಿಳಿಹೇಳಲು ಅವರು ಪಟ್ಟ ಶ್ರಮ ದೊಡ್ಡದು. ಬೆಂಗಳೂರಿನಲ್ಲಿ 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಉದ್ದೇಶವೂ ಅದೇ ಆಗಿತ್ತು.

ಮೊದಲ ವರ್ಷದ ಮೊದಲ ಪಾಠ, ರಾಜ್ಯದ ನಾಲ್ಕು ಮೂಲಾಂಶಗಳು. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು. ಇದಕ್ಕೆ ಪುಸ್ತಕದಲ್ಲಿ ಕೊಟ್ಟ ಉದಾಹರಣೆಗಳೆಲ್ಲ ಹೊರದೇಶದವು. ಆದರೆ ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರ ಸೆಪ್ಟೆಂಬರಿನಲ್ಲಿ ಈ ನಾಲ್ಕನ್ನೂ ಕೈಯಾರೆ ಮಾಡಿ ನೋಡಿದ್ದರು. ಕಂದಾಯ ಕೊಡುವುದಿಲ್ಲವೆಂದರು, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು, ಊರು ಸ್ವತಂತ್ರವೆಂದು ಸಾರಿದರು. ದೊಡ್ಡವರನ್ನು ಅಧಿಕಾರಿಗಳೆಂದು ಹೆಸರಿಸಿದರೆ ಹಿಡಿದುಕೊಂಡು ಹೋಗುತ್ತಾರೆಂದು ಜಯಣ್ಣ, ಮಲ್ಲಪ್ಪ ಎಂಬ ಚಿಕ್ಕ ಹುಡುಗರನ್ನು ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿದರು! ಮುಂದೆ ನಡೆದ ಘರ್ಷಣೆಯಲ್ಲಿ ಸರ್ಕಾರದ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. ಊರನ್ನು ಸೂರೆ ಮಾಡಿದರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಶಿಕ್ಷೆಗೊಳಗಾದವರಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಂಗಸರೂ ಇದ್ದರು. ಜನ ಇತ್ತು, ನೆಲ ಇತ್ತು, ಹುಡುಗಾಟಿಕೆಯದಾದರೂ ಒಂದು ಸರ್ಕಾರವೂ ಇತ್ತು. ಇಲ್ಲದ್ದು ನಾಲ್ಕನೆಯದು. ಪರಮಾಧಿಕಾರವೆಂದರೆ ಏನೆಂದು ಈ ಕಥೆಯೊಂದರಲ್ಲಿ ತಿಳಿಯುವಷ್ಟು ಯಾವ ವ್ಯಾಖ್ಯೆಯಲ್ಲೂ ತಿಳಿಯುವುದಿಲ್ಲ. ನಮ್ಮ ತರಗತಿಯಲ್ಲಿ ಮಾತ್ರ ಈಸೂರು ಇತಿಹಾಸದ ಗಂಟೆಯಲ್ಲಿ ಬರುತ್ತಿತ್ತು, ರಾಜ್ಯಶಾಸ್ತ್ರದ ಗಂಟೆಯಲ್ಲಿ ಬರುತ್ತಿರಲಿಲ್ಲ.

ಪ್ಲೇಟೋ, ಅರಿಸ್ಟಾಟಲ್ ಎಂದು ಶುರುವಾಗುವುದರಿಂದ ಈ ವಿಷಯ ಬಹಳ ಹಳೆಯದೆಂದು ನಮಗೆಲ್ಲ ಅನಿಸುತ್ತಿತ್ತು. ಯೋಚನೆಗೆ ವಯಸ್ಸಾಗಿರುವುದು ನಿಜ, ಆದರೆ ಕಾಲೇಜಿನ ವಿಷಯವಾಗಿ ಅದು ಎಳೆಯದು. ಪ್ರಷ್ಯದ ಕೈಯಲ್ಲಿ ಸೋತ ಫ್ರಾನ್ಸು, ನಮ್ಮ ಆಡಳಿತಗಾರರಿಗೆ ಓದು ಸಾಲದು ಎಂದುಕೊಂಡು 1872ರಲ್ಲಿ ಪ್ಯಾರಿಸಿನಲ್ಲಿ ಇದಕ್ಕೆಂದೇ ಒಂದು ಶಾಲೆ ತೆರೆಯಿತು. ನ್ಯೂಯಾರ್ಕಿನ ಕೊಲಂಬಿಯದಲ್ಲಿ ಬರ್ಜೆಸ್ ಎಂಬಾತ 1880ರಲ್ಲಿ ಅಂಥದೇ ಒಂದನ್ನು ಕಟ್ಟಿದ. ನಮಗೆ ಬೇರೆ ಬೇರೆ ಪತ್ರಿಕೆಗಳಾಗಿ ಬರುತ್ತಿದ್ದ ಒಳವಿಭಾಗಗಳೂ ಒಟ್ಟಿಗೆ ಹುಟ್ಟಿದವಲ್ಲ. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಮಕ್ಕಳನ್ನು ಕಳೆದುಕೊಂಡ ಮೇಲೆ 1919ರಲ್ಲಿ ವೇಲ್ಸಿನ ಆಬೆರಿಸ್ಟ್‌ವಿತ್‌ನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಿಗೆ ಮೊದಲ ಪೀಠ ಬಂತು. ಇನ್ನೊಂದು ಯುದ್ಧ ಮುಗಿದ ಮೇಲೆ, 1948ರಲ್ಲಿ, ಯುನೆಸ್ಕೋ ಪ್ಯಾರಿಸಿನಲ್ಲಿ ಪಂಡಿತರನ್ನು ಕೂಡಿಸಿ ಈ ಶಾಸ್ತ್ರದಲ್ಲಿ ಏನೇನು ಸೇರುತ್ತದೆಂದು ಪಟ್ಟಿ ಮಾಡಿಸಿತು. ಸಿದ್ಧಾಂತ, ಸರ್ಕಾರದ ಸಂಸ್ಥೆಗಳು, ಪಕ್ಷ, ಗುಂಪು, ಜನಾಭಿಪ್ರಾಯ, ಅಂತರರಾಷ್ಟ್ರೀಯ ಸಂಬಂಧ ಎಂದು ನಾಲ್ಕು ಗೂಡು. ಆಡಳಿತಶಾಸ್ತ್ರ, ಅಂದರೆ ಪಬ್ಲಿಕ್ ಅಡ್ಮಿನಿಸ್ಟ್ರೇಷನ್, ಎರಡನೆಯ ಗೂಡಿನಲ್ಲಿ ಕೂತಿತು.

ಆಡಳಿತಶಾಸ್ತ್ರದ ಮೂಲಪುರುಷನೆಂದು ನಾವು ಓದಿದ್ದು ವುಡ್ರೋ ವಿಲ್ಸನ್ನನನ್ನು. 1887ರಲ್ಲಿ ಆತ ಬರೆದ ಪ್ರಬಂಧದಿಂದ ಆ ವಿಭಾಗ ಶುರುವಾಯಿತು ಎನ್ನುತ್ತಾರೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕಾಗಿತ್ತು. ಎಷ್ಟೋ ವರ್ಷದ ಮೇಲೆ ನನಗೆ ತಿಳಿದದ್ದೇನೆಂದರೆ, ಆ ಪ್ರಬಂಧ ಅಚ್ಚಾದಾಗ ವಿಲ್ಸನ್ ಬ್ರಿನ್ ಮಾರ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ! ಹುಡುಗಿಯರಿಗೆ ರಾಜ್ಯಶಾಸ್ತ್ರ ಹೇಳಿಕೊಡುವುದು ಅವನಿಗೆ ಅಷ್ಟೇನೂ ರುಚಿಸುತ್ತಿರಲಿಲ್ಲವೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಮುಂದೆ ಅದೇ ಮನುಷ್ಯ ಅಧ್ಯಕ್ಷನಾಗಿ, ಹೆಂಗಸರ ಮತದ ಹಕ್ಕಿಗಾಗಿ 1918ರಲ್ಲಿ ಸೆನೆಟ್ಟಿನ ಮುಂದೆ ನಿಂತು ಕೇಳಿಕೊಳ್ಳಬೇಕಾಯಿತು. 1920ರಲ್ಲಿ ಆ ಹಕ್ಕು ಬಂತು. ಪಾಪ, ಅವನ ಶಿಷ್ಯೆಯರು ಆ ಹೊತ್ತಿಗೆ ನಡುವಯಸ್ಸು ದಾಟಿದ್ದರು.

ಇತ್ತ ಮೈಸೂರಿನಲ್ಲಿ ಏನಾಗುತ್ತಿತ್ತು? ನಮ್ಮ ರಾಜ್ಯ ಈ ವಿಷಯಕ್ಕೆ ಒಂದು ದೊಡ್ಡ ಕಾಣಿಕೆಯನ್ನೇ ಕೊಟ್ಟಿದೆ. 1905ರ ಸುಮಾರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಒಂದು ಓಲೆಗರಿಯ ಕಟ್ಟು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂತು. ಗ್ರಂಥ ಲಿಪಿಯಲ್ಲಿತ್ತು. ಅಲ್ಲಿ ಕೆಲಸದಲ್ಲಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಅದನ್ನು ಓದಿ, ಹೆಸರಷ್ಟೇ ಉಳಿದು ಕಳೆದೇ ಹೋಗಿದೆಯೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಇದು ಎಂದು ಕಂಡುಕೊಂಡರು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಭಾರತೀಯರಿಗೆ ರಾಜ್ಯದ ಬಗ್ಗೆ ಯೋಚನೆಯೇ ಇರಲಿಲ್ಲ, ಎಲ್ಲ ಪರಲೋಕದ ಚಿಂತೆ ಎನ್ನುತ್ತಿದ್ದ ಬಿಳಿಯ ಪಂಡಿತರ ಬಾಯಿ ಮುಚ್ಚಿತು. ಭಾರತದ ಕಾಲೇಜುಗಳಲ್ಲಿ ಇವತ್ತು ‘ಭಾರತೀಯ ರಾಜಕೀಯ ಚಿಂತನೆ’ ಎಂಬ ಪತ್ರಿಕೆ ಕೌಟಿಲ್ಯನಿಂದ ಆರಂಭವಾಗುವುದಕ್ಕೆ ಮೈಸೂರಿನ ಆ ಲೈಬ್ರರಿಯೇ ಕಾರಣ.

ಕೌಟಿಲ್ಯನೆಂದರೆ ಗೂಢಚಾರರು, ಸಾಮ ದಾನ ಭೇದ ದಂಡ, ವಿಷಕನ್ಯೆ ಎಂದಷ್ಟೇ ನಮಗೆ ಗೊತ್ತಿತ್ತು. ನೋಟ್ಸಿನಲ್ಲಿದ್ದುದೂ ಸಪ್ತಾಂಗ ಮತ್ತು ಮಂಡಲ ಸಿದ್ಧಾಂತ. ಆದರೆ ಅದರಲ್ಲಿ ನೂಲಿನ ಅಧ್ಯಕ್ಷನ ಬಗ್ಗೆ ಒಂದು ಅಧ್ಯಾಯವಿದೆ, ಅದನ್ನು ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ವಿಧವೆಯರಿಗೆ, ಅಂಗವಿಕಲ ಹೆಂಗಸರಿಗೆ, ದಿಕ್ಕಿಲ್ಲದವರಿಗೆ ಅರಮನೆಯಿಂದ ನೂಲುವ ಕೆಲಸ ಕೊಡಬೇಕು. ಮನೆಯಿಂದ ಹೊರಗೆ ಬರಲಾಗದವರಿಗೆ ದಾಸಿಯರ ಕೈಯಲ್ಲಿ ಹತ್ತಿ ಕಳಿಸಬೇಕು. ಬೆಳಗಿನ ಜಾವ ತಾವೇ ನೂಲು ತಂದುಕೊಡುವವರಿದ್ದರೆ, ನೂಲು ನೋಡಲು ಬೇಕಾದಷ್ಟೇ ದೀಪ ಇರಬೇಕು. ಅಧಿಕಾರಿ ಹೆಂಗಸಿನ ಮುಖ ನೋಡಿದರೆ, ಬೇರೆ ಮಾತು ತೆಗೆದರೆ ದಂಡ. ಕೂಲಿ ತಡಮಾಡಿದರೂ ದಂಡ. ಕೌಟಿಲ್ಯ ಹೆಂಗಸರ ಪಕ್ಷಪಾತಿಯೇನಲ್ಲ. ಖಜಾನೆಗೆ ನೂಲು ಬರಬೇಕು, ಅದು ಅವನ ಲೆಕ್ಕ. ಆದರೂ ಆಫೀಸುಗಳಲ್ಲಿ ಕೆಲಸ ಮಾಡಿದ ಹೆಂಗಸು ಯಾರಾದರೂ ಆ ಅಧ್ಯಾಯ ಓದಿದರೆ, ಈ ಮುದುಕನಿಗೆ ಲೋಕ ಗೊತ್ತಿತ್ತು ಎನ್ನದೆ ಇರಲಾರಳು.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೂ ಮೊದಲೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರು 144 ಮಂದಿಯನ್ನು ಕರೆದು ಪ್ರಜಾಪ್ರತಿನಿಧಿ ಸಭೆ ನಡೆಸಿದ್ದರು. ಶಾಸನ ಮಾಡುವ ಅಧಿಕಾರ ಅದಕ್ಕಿರಲಿಲ್ಲ, ದಿವಾನರು ಹೇಳಿದ್ದನ್ನು ಕೇಳಿ ಅಹವಾಲು ಸಲ್ಲಿಸುವುದಷ್ಟೇ. 1923ರ ರೆಗ್ಯುಲೇಷನ್ನಿನಲ್ಲಿ ಹೆಂಗಸರೂ ಮತ ಹಾಕಬಹುದೆಂದಾಯಿತು. ಆಸ್ತಿ, ಕಂದಾಯದ ಷರತ್ತುಗಳಿದ್ದುದರಿಂದ ಆ ಹಕ್ಕು ಎಷ್ಟು ಮಂದಿ ಹೆಂಗಸರಿಗೆ ತಲುಪಿರಬಹುದೆಂದು ನೀವೇ ಊಹಿಸಿಕೊಳ್ಳಿ. ಹೊಲ ಯಾರ ಹೆಸರಿನಲ್ಲಿತ್ತು?

ಇದನ್ನು ಹೇಳಲು ಕಾರಣವಿದೆ. ನಮಗಿದ್ದ ‘ಆಧುನಿಕ ಸರ್ಕಾರಗಳು’ ಪತ್ರಿಕೆಯಲ್ಲಿ ಬ್ರಿಟನ್, ಅಮೆರಿಕ, ರಷ್ಯ, ಸ್ವಿಟ್ಸರ್ಲೆಂಡ್ ಬರುತ್ತಿದ್ದವು. ಸ್ವಿಟ್ಸರ್ಲೆಂಡನ್ನು ಪ್ರತ್ಯಕ್ಷ ಪ್ರಜಾಪ್ರಭುತ್ವದ ತವರೆಂದು ಹೊಗಳಿದ್ದೇ ಹೊಗಳಿದ್ದು. ಬಯಲಿನಲ್ಲಿ ಊರಿನವರೆಲ್ಲ ಸೇರಿ ಕೈ ಎತ್ತಿ ಕಾನೂನು ಮಾಡುತ್ತಾರಂತೆ! ‘ಊರಿನವರೆಲ್ಲ’ ಎಂದರೆ ಗಂಡಸರು ಎಂದು ನಮಗೆ ಯಾರೂ ಹೇಳಲಿಲ್ಲ. ಆ ದೇಶದಲ್ಲಿ ರಾಷ್ಟ್ರದ ಚುನಾವಣೆಗೆ ಹೆಂಗಸರು ಮತ ಹಾಕುವ ಹಕ್ಕು ಬಂದದ್ದು 1971ರಲ್ಲಿ. ಅಪೆನ್ಸೆಲ್ ಎಂಬ ಪ್ರಾಂತ್ಯದ ಒಂದು ಭಾಗದಲ್ಲಿ 1990ರವರೆಗೂ ಗಂಡಸರು ಒಪ್ಪಲಿಲ್ಲ, ಕೋರ್ಟು ಹೇಳಿ ಒಪ್ಪಿಸಬೇಕಾಯಿತು. ಅಂದರೆ ನಾನು ಪರೀಕ್ಷೆಯಲ್ಲಿ ಸ್ವಿಟ್ಸರ್ಲೆಂಡಿನ ಪ್ರಜಾಪ್ರಭುತ್ವದ ಮೇಲೆ ನಾಲ್ಕು ಪುಟ ಬರೆದು ಬಂದಾಗ, ಅಲ್ಲಿ ನನ್ನಂಥ ಒಬ್ಬಳು ಬಯಲಿನ ಅಂಚಿನಲ್ಲಿ ನಿಂತು ಗಂಡಸರು ಕೈ ಎತ್ತುವುದನ್ನು ನೋಡುತ್ತಿದ್ದಳು. ನಮ್ಮಲ್ಲಿ ಸಂವಿಧಾನ ಬರೆದ ಸಭೆಯಲ್ಲಿ ಹದಿನೈದು ಮಂದಿ ಹೆಂಗಸರಿದ್ದರು. ಹಂಸಾ ಮೆಹ್ತಾ, ದುರ್ಗಾಬಾಯಿ, ದಾಕ್ಷಾಯಣಿ ವೇಲಾಯುಧನ್ ಅಂಥವರು. 1951-52ರ ಮೊದಲ ಚುನಾವಣೆಯಿಂದಲೇ ಎಲ್ಲರಿಗೂ ಮತ. ಆಗಲೂ ಉತ್ತರದ ರಾಜ್ಯಗಳಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಪಟ್ಟಿ ಬರೆಯಲು ಬಂದವರಿಗೆ ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಿದ್ದರು. ಅಂತರರಾಷ್ಟ್ರೀಯ ಸಂಬಂಧದ ಪತ್ರಿಕೆಯನ್ನು ಮಾತ್ರ ನಾವು ಬರೀ ವಾರ್ತಾಪತ್ರಿಕೆ ಓದಿ ಪಾಸು ಮಾಡಿಕೊಂಡೆವು. ರಷ್ಯದ ಸಂವಿಧಾನವನ್ನು ಕಷ್ಟಪಟ್ಟು ಉರುಹೊಡೆದಿದ್ದೆ, ನಾಲ್ಕು ವರ್ಷದಲ್ಲಿ, 1991ರ ಡಿಸೆಂಬರಿನಲ್ಲಿ, ಆ ದೇಶವೇ ಇಲ್ಲವಾಯಿತು.

ನಮ್ಮ ಜಿಲ್ಲೆಯಲ್ಲೇ ನಡೆದದ್ದೂ ಸಿಲಬಸ್ಸಿನ ಹೊರಗೇ ಇತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಯ ಮೇಲೆ. ಒಡೆಯರು ಗೇಣಿ ಅಳೆಯುವ ಕೊಳಗವೇ ದೊಡ್ಡದು. ಸೇರು ಸೇರಿಗೆ ಲೆಕ್ಕ ಗೊತ್ತಿರುವ ಯಾವ ಹೆಂಗಸಿಗಾದರೂ ಇದರ ನೋವು ಅರ್ಥವಾಗುತ್ತದೆ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದರು, ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತರು, ರಾಮಮನೋಹರ ಲೋಹಿಯಾ ಜೂನಿನಲ್ಲಿ ಬಂದು ಬಂಧನಕ್ಕೊಳಗಾದರು. ಮರುವರ್ಷ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು. 1967ರಲ್ಲಿ ಇದೇ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಊರೂರಲ್ಲಿ ಜನ ಡಿಕ್ಲರೇಷನ್ ಹಾಕಿದರು. ನನಗೆ ಗೊತ್ತಿರುವ ಮನೆಗಳಲ್ಲಿ ಹಾಗೆ ಬಂದ ಜಮೀನೆಲ್ಲ ಗಂಡಸರ ಹೆಸರಿಗೇ ಆಯಿತು. ನಾಟಿ ಮಾಡಿದ ಕೈಗಳು ಯಾವುವೆಂದು ಫಾರಮಿನಲ್ಲಿ ಕೇಳಿರಲಿಲ್ಲ.

ನಾನು ಕೊನೆಯ ವರ್ಷದಲ್ಲಿದ್ದಾಗ, 1987ರ ಜನವರಿಯಲ್ಲಿ, ಮಂಡಲ ಪಂಚಾಯಿತಿ ಚುನಾವಣೆ ಬಂತು. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ಮಾಡಿದ ಕಾಯಿದೆಯ ಪ್ರಕಾರ ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಸಾಮಾನ್ಯವಾಗಿ 8ರಿಂದ 12 ಸಾವಿರ ಜನಕ್ಕೊಂದು ಮಂಡಲ, ಮಲೆನಾಡಿನಲ್ಲಿ ಅದಕ್ಕೂ ಕಡಿಮೆ ಜನಕ್ಕೆ. ಇದರ ಹಿಂದೆ ನಿಂತು ದುಡಿದ ಮಂತ್ರಿ ಅಬ್ದುಲ್ ನಜೀರ್ ಸಾಬರು, ಹಳ್ಳಿ ಹಳ್ಳಿಗೆ ಬೋರು ಹಾಕಿಸಿ ‘ನೀರು ಸಾಬರು’ ಎನಿಸಿಕೊಂಡವರು. ಅದರಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆಂದು ಇಟ್ಟಿದ್ದರು. ಕೇಂದ್ರದ 73ನೇ ತಿದ್ದುಪಡಿ ಬರಲು ಇನ್ನೂ ಐದಾರು ವರ್ಷವಿತ್ತು.

ನಮ್ಮ ಚಿಕ್ಕಮ್ಮನನ್ನು ಕೊಟ್ಟಿದ್ದು ಚನ್ನಗಿರಿ ಕಡೆಯ ಒಂದು ಹಳ್ಳಿಗೆ. ಆಗ ಅದು ಶಿವಮೊಗ್ಗ ಜಿಲ್ಲೆಯೇ, ದಾವಣಗೆರೆಗೆ ಹೋದದ್ದು 1997ರಲ್ಲಿ. ಏಳನೇ ಕ್ಲಾಸಿನವರೆಗೆ ಓದಿದವರು. ಆ ವಾರ್ಡು ಹೆಂಗಸರಿಗೆ ಮೀಸಲಾದ್ದರಿಂದ ಊರಿನವರು ಚಿಕ್ಕಪ್ಪನ ಬದಲು ಅವರನ್ನು ನಿಲ್ಲಿಸಿದರು, ಗೆದ್ದರು. ಗೆದ್ದ ತಿಂಗಳಲ್ಲಿ ಭದ್ರಾವತಿಗೆ ನಮ್ಮ ಮನೆಗೆ ಬಂದಾಗ ಕೈಚೀಲದಿಂದ ಒಂದು ಮಡಿಸಿದ ಕಾಗದ ತೆಗೆದು, ‘ನೋಡೇ, ನೀನು ಇದನ್ನೇ ಅಲ್ವೇನೇ ಓದೋದು? ಈ ಕೋರಂ ಅಂದ್ರೇನು?’ ಎಂದರು.

ನನ್ನ ಆಡಳಿತಶಾಸ್ತ್ರದ ನೋಟ್ಸಿಗೆ ಮೊದಲ ಸಲ ಒಬ್ಬ ಗಿರಾಕಿ ಸಿಕ್ಕಿದ್ದರು! ಕೋರಂ ಎಂದರೆ ಇಷ್ಟು ಜನ ಇಲ್ಲದಿದ್ದರೆ ಸಭೆಯೇ ಅಲ್ಲ ಎಂದೆ. ನಡಾವಳಿ ಎಂದರೇನು, ಠರಾವು ಎಂದರೇನು, ಸಹಿ ಹಾಕಿದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂದರೆ ಯಾಕೆ ನಡೆಯುವುದಿಲ್ಲ ಎಂದೆಲ್ಲ ಹೇಳುತ್ತಾ ಹೋದೆ. ಕೇಳಿಸಿಕೊಂಡು ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಎರಡು ಮೀಟಿಂಗು ಆಯ್ತು. ನಿಮ್ಮ ಚಿಕ್ಕಪ್ಪ ಹೋಗಿ ಕೂತ್ಕೊಂಡು ಬಂದ್ರು. ಪುಸ್ತಕ ಮನೆಗೆ ಕಳಿಸ್ತಾರೆ, ನಾನು ಒಲೆ ಮುಂದೆ ರುಜು ಹಾಕ್ತೀನಿ.’

‘ಹಾಗಾದ್ರೆ ಚಿಕ್ಕಮ್ಮ, ಆ ಸಭೇಲಿ ನೀವಿಲ್ಲ. ಆದ್ರೆ ಅಲ್ಲಿ ಆದದ್ದಕ್ಕೆಲ್ಲ ನೀವೇ ಹೊಣೆ.’

‘ಅದೇ ಕಣೇ ನನ್ನ ಹೆದರಿಕೆ’ ಎಂದರು.

ಮುಂದಿನ ಮೀಟಿಂಗಿಗೆ ಅವರೇ ಹೋದರು. ಬಾಗಿಲ ಹತ್ತಿರ ಒಂದು ಬೆಂಚು ತೋರಿಸಿದರಂತೆ, ಅಲ್ಲೇ ಕೂತರು. ಮಾತಾಡಲಿಲ್ಲ. ಕೊನೆಗೆ ಪುಸ್ತಕ ಮುಂದೆ ಬಂದಾಗ ‘ಓದಿ ಹೇಳಿ, ಆಮೇಲೆ ರುಜು ಹಾಕ್ತೀನಿ’ ಎಂದರು. ಕಾರ್ಯದರ್ಶಿ ನಕ್ಕರಂತೆ. ಚಿಕ್ಕಪ್ಪನಿಗೆ ಅವಮಾನವಾಗಿ ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ಸಲಕ್ಕೆ ಓದಿ ಹೇಳುವುದು ರೂಢಿಯಾಯಿತು. ಓದಿದ್ದರಲ್ಲಿ, ಅವರ ಕೇರಿಗೆಂದು ಮಂಜೂರಾದ ಬೋರು ಇನ್ನೊಂದು ಕೇರಿಯ ಹೆಸರಿಗೆ ಬರೆದಿರುವುದು ಕಿವಿಗೆ ಬಿತ್ತು. ಅದನ್ನು ವಾಪಸು ತರಲು ಎಂಟು ತಿಂಗಳು ಹಿಡಿಯಿತು. ಎಷ್ಟೋ ಹೆಂಗಸರು ಆ ಐದು ವರ್ಷ ಮನೆಯಲ್ಲೇ ರುಜು ಹಾಕಿ ಮುಗಿಸಿದ್ದೂ ಉಂಟು, ಇಲ್ಲವೆನ್ನುವುದಿಲ್ಲ. ಅದನ್ನೇ ಹಿಡಿದುಕೊಂಡು ‘ಮೀಸಲಾತಿ ದಂಡ’ ಎಂದು ನಗುವವರ ಜೊತೆ ಮಾತ್ರ ನನ್ನ ಜಗಳ ಈಗಲೂ ಮುಗಿದಿಲ್ಲ.

ನನ್ನ ಪರೀಕ್ಷೆ ಮುಗಿಯಿತು, ಮದುವೆಯೂ ಆಯಿತು. ಅದೇ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ನೆಲೆಯೂರಿತು. 1940ರಲ್ಲಿ ಇಂಟರ್‌ಮೀಡಿಯಟ್ ಕಾಲೇಜಾಗಿ ಶುರುವಾಗಿದ್ದ ಸಹ್ಯಾದ್ರಿ ಕಾಲೇಜೂ ಮುಂದೆ ಅದರ ತೆಕ್ಕೆಗೆ ಬಂತು. ಮೈಸೂರಿಗೆ ಹೋಗಿ ಎಂ.ಎ. ಮಾಡುವ ಆಸೆಗೆ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಮೈಸೂರಿನ ಅಂಚೆ ತೆರಪಿನ ಶಿಕ್ಷಣದಲ್ಲಿ, ಮಗುವಿಗೆ ಹಾಲು ಕುಡಿಸುತ್ತಾ, ಲಾಸ್ಕಿಯನ್ನು ಓದಿ ಮುಗಿಸಿದೆ. ಒಂದು ಖಾಸಗಿ ಪಿ.ಯು. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದೆ. ಈಸೂರನ್ನೂ ಕಾಗೋಡಿನ ಕೊಳಗವನ್ನೂ ರಾಜ್ಯಶಾಸ್ತ್ರದ ಗಂಟೆಯಲ್ಲೇ ಹೇಳಿದೆ.

ಈಗ ಎಲ್ಲ ಸೆಮಿಸ್ಟರುಗಳು. 2021ರಲ್ಲಿ ಹೊಸ ಶಿಕ್ಷಣ ನೀತಿಯೆಂದು ಪದವಿಗೆ ನಾಲ್ಕನೇ ವರ್ಷದ ದಾರಿ ತೆರೆದರು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷವೆಂದಿತು. ಪಂಚಾಯಿತಿಗಳಲ್ಲಿ ಹೆಂಗಸರ ಪಾಲು 2010ರ ತಿದ್ದುಪಡಿಯಿಂದ ಅರ್ಧಕ್ಕೆ ಏರಿತು. ಆದರೆ ವಿಧಾನಸಭೆಯಲ್ಲಿ? 1972ರಲ್ಲೇ ಕೆ.ಎಸ್. ನಾಗರತ್ನಮ್ಮನವರನ್ನು ಸಭಾಧ್ಯಕ್ಷರ ಪೀಠದಲ್ಲಿ ಕೂರಿಸಿದ ಸಭೆಗೆ 2023ರಲ್ಲಿ 224 ಜನರಲ್ಲಿ ಗೆದ್ದು ಬಂದ ಹೆಂಗಸರು ಹತ್ತು ಮಂದಿ. ಅವರಲ್ಲೊಬ್ಬರು ನಮ್ಮ ಶಿವಮೊಗ್ಗ ಗ್ರಾಮಾಂತರದ ಶಾರದಾ ಪೂರ್ಯಾನಾಯ್ಕ. ಅದೇ ವರ್ಷ ಲೋಕಸಭೆಗೂ ವಿಧಾನಸಭೆಗಳಿಗೂ ಮೂರನೇ ಒಂದು ಪಾಲು ಎಂದು 106ನೇ ತಿದ್ದುಪಡಿ ಪಾಸಾಯಿತು, ಜಾರಿಯನ್ನು ಮಾತ್ರ ಜನಗಣತಿಗೂ ಕ್ಷೇತ್ರಗಳ ಮರುವಿಂಗಡಣೆಗೂ ಕಟ್ಟಿಹಾಕಿದರು.

ಚಿಕ್ಕಮ್ಮನ ಮಂಡಲದ ಅವಧಿ 1992ರ ಆರಂಭಕ್ಕೆ ಮುಗಿಯಿತು. ಹೊಸ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. 1993ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಅವರ ವಾರ್ಡು ಹೆಂಗಸರಿಗೆ ಮೀಸಲಿರಲಿಲ್ಲ. ಸಾಮಾನ್ಯ ಸ್ಥಾನಕ್ಕೇ ಅರ್ಜಿ ಹಾಕುತ್ತೇನೆಂದರು. ಚಿಕ್ಕಪ್ಪನಿಗೂ ನಿಲ್ಲುವ ಮನಸ್ಸಿತ್ತು. ಊರಿನ ಹಿರಿಯರು ಮನೆಗೆ ಬಂದು ಕೂತು ಒಂದು ದಿನವೆಲ್ಲ ಮಾತಾಡಿದರು. ಸಂಜೆಗೆ ಚಿಕ್ಕಪ್ಪನೇ ಹೋಗಿ ಅವರ ಅರ್ಜಿಯ ಠೇವಣಿ ಕಟ್ಟಿ ಬಂದರು. ಹನ್ನೊಂದು ಓಟಿನಲ್ಲಿ ಸೋತರು. ಐದು ವರ್ಷ ಮೀಟಿಂಗಿಗೆ ಒಯ್ಯುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕವನ್ನು ಆಮೇಲೆ ನನಗೆ ಕೊಟ್ಟರು. ಒಂದು ಕಡೆ ಹಾಲಿನ ಲೆಕ್ಕ, ಅಡಿಕೆ ಸುಲಿದವರ ಕೂಲಿ. ಅದೇ ಪುಟದ ಎಡಗಡೆ, ದುಂಡಗಿನ ಏಳನೇ ಕ್ಲಾಸಿನ ಅಕ್ಷರದಲ್ಲಿ, ಯಾವ ತಾರೀಕಿನ ಸಭೆಗೆ ಎಷ್ಟು ಜನ ಬಂದಿದ್ದರು, ಕೋರಂ ಆಯಿತೋ ಇಲ್ಲವೋ ಎಂದು ಬರೆದಿದೆ.